ಟೆಸ್ಟ್‌ಡಿಸ್ಕ್, ಫೋಟೋರೆಕ್: ವರ್ಷಗಟ್ಟಲೆ ಬಳಸಿದ ಮೇಲೆ

ಉಡುಪಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. "ಡಿಸ್ಕಿನಲ್ಲಿದ್ದದ್ದೆಲ್ಲ ಹೋಯ್ತು ಮಾರಾಯ್ರೆ, ಏನಾದ್ರೂ ಮಾಡಿ" ಅಂತ ಬರುವವರು ಕಮ್ಮಿ ಇಲ್ಲ. ಆಗೆಲ್ಲ ನಾನು ತೆರೆಯುವುದು ಕಳೆದುಹೋದ ಫೈಲು ಹುಡುಕಿ ತೆಗೆಯುವ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ತಂತ್ರಾಂಶಗಳ ಜೋಡಿಯನ್ನೇ. ಎರಡನ್ನೂ ಬರೆದವರು ಕ್ರಿಸ್ಟೋಫ್ ಗ್ರೆನಿಯೆ. ಸೋರ್ಸ್ ಕೋಡ್ ಮುಕ್ತ, ಪೂರ್ತಿ ಉಚಿತ. ಫೈಲು ತೋರಿಸಿ, ಉಳಿಸಿಕೊಳ್ಳುವ ಹೊತ್ತಿಗೆ ದುಡ್ಡು ಕೇಳುವ ಆಟ ಇಲ್ಲಿಲ್ಲ.

ಮೊದಲು ಟೆಸ್ಟ್‌ಡಿಸ್ಕ್ ನೋಡಿ. ಕಪ್ಪು ಪರದೆ, ಬಾಣದ ಕೀಲಿಗಳು, ಮೌಸ್ ನಡೆಯುವುದಿಲ್ಲ. ಕಳೆದ ಪಾರ್ಟಿಷನ್ (ಡಿಸ್ಕನ್ನು ಪಾಲು ಮಾಡಿದ ಒಂದು ಭಾಗ) ಸಿಕ್ಕಾಗ 'ಪಿ' ಒತ್ತಿದರೆ ಒಳಗಿನ ಫೈಲುಗಳು ಹೆಸರಿನ ಸಮೇತ ಕಾಣುತ್ತವೆ. ಅಲ್ಲಿಂದಲೇ ಬೇರೆ ಡಿಸ್ಕಿಗೆ ಕಾಪಿ ಮಾಡಬಹುದು. ಬೇರೆ ಡಿಸ್ಕ್ ಅಂದೆ, ಗಮನಿಸಿ. ಅದೇ ಡಿಸ್ಕಿಗೆ ಉಳಿಸಿದರೆ ಸಿಗಬೇಕಾದ ಫೈಲಿನ ಮೇಲೇ ಬರೆದ ಹಾಗಾಗುತ್ತದೆ.

ಅದರಲ್ಲಿ ಆಗದಿದ್ದರೆ ಫೋಟೋರೆಕ್. ಯಕ್ಷಗಾನದ ಫೋಟೋ ತೆಗೆಯುವ ಒಬ್ಬರು ಹಾರ್ಡ್‌ಡಿಸ್ಕ್ ತಂದಿದ್ದರು. ರಿಪೇರಿಗೆ ಕೊಟ್ಟಿದ್ದಾಗ ಯಾರೋ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಟ್ಟಿದ್ದರು. ಫೋಟೋರೆಕ್ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಅಂತ ಹೇಳುವ ವ್ಯವಸ್ಥೆ, ನಂಬಿ ಕೂರುವುದಿಲ್ಲ. ಡಿಸ್ಕನ್ನೇ ಓದುತ್ತಾ ಹೋಗಿ, ಪ್ರತಿ ಬಗೆಯ ಫೈಲು ಶುರುವಾಗುವ ಗುರುತನ್ನು ಹುಡುಕುತ್ತದೆ. ಅದಕ್ಕೇ ಹಳೆ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಬರೀ ನಂಬರಿನ ಫೈಲುಗಳು. ಪುಣ್ಯಕ್ಕೆ ಫೋಟೋ ತೆಗೆದ ತಾರೀಕು ಫೋಟೋದೊಳಗೇ ಇರುತ್ತದೆ. ಅದರ ಪ್ರಕಾರ ಜೋಡಿಸಿಕೊಟ್ಟೆ, ಯಾವ ರಾತ್ರಿ ಯಾವ ಆಟ ಅಂತ ಅವರೇ ಗುರುತಿಸಿದರು. ಎಲ್ಲವೂ ಸರಿ ಬರಲಿಲ್ಲ. ಒಂದರಲ್ಲಿ ವೇಷದ ಕಿರೀಟ, ಮುಖದ ಬಣ್ಣ ಚೆಂದ ಕಾಣುತ್ತದೆ, ಎದೆಯಿಂದ ಕೆಳಗೆ ಬರೀ ಬೂದಿ ಬಣ್ಣ. ಡಿಸ್ಕಿನಲ್ಲಿ ತುಂಡು ತುಂಡಾಗಿ ಕೂತ ಫೈಲು, ಅಥವಾ ಅರ್ಧದ ಮೇಲೆ ಬೇರೇನೋ ಬಂದು ಕೂತ ಫೈಲು ಹೀಗಾಗುತ್ತದೆ. ಇದಕ್ಕೆ ತಂತ್ರಾಂಶವನ್ನು ದೂರುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಫೋಟೋರೆಕ್‌ನ 'ಫೈಲ್ ಆಪ್ಟ್' ಆಯ್ಕೆಯಲ್ಲಿ ನಿಮಗೆ ಬೇಕಾದ ಬಗೆಯ ಫೈಲು ಮಾತ್ರ ಆರಿಸಿ. ಸುಮ್ನೆ ಎಲ್ಲ ಬಿಟ್ಟರೆ ಬೇಡದ ಐಕಾನು, ಬ್ರೌಸರ್ ಚಿತ್ರಗಳ ರಾಶಿಯೇ ಬಂದು ಬೀಳುತ್ತದೆ. ಕಪ್ಪು ಪರದೆ ಕಷ್ಟ ಅನಿಸಿದರೆ ಫೋಟೋರೆಕ್‌ನದೇ ಇನ್ನೊಂದು ರೂಪ ಕ್ಯೂಫೋಟೋರೆಕ್‌ನಲ್ಲಿ ಮೌಸ್ ನಡೆಯುತ್ತದೆ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ ಇರುವ ಡಿಸ್ಕ್) ತಂದವರಿಗೆ ಮಾತ್ರ ನಾನು ಜಾಸ್ತಿ ಆಸೆ ಹುಟ್ಟಿಸುವುದಿಲ್ಲ. ಅಳಿಸಿದ ಫೈಲಿನ ಜಾಗ ಇನ್ನು ಬೇಡ ಅಂತ ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ನಡೆದಿದ್ದರೆ ಅಳಿಸಿದ್ದು ಹೆಚ್ಚಾಗಿ ಹೋದಂತೆಯೇ. ಇನ್ನು ಡಿಸ್ಕ್ ಟಿಕ್ ಟಿಕ್ ಅಂತಿದ್ದರೆ ಇವೆರಡನ್ನೂ ಓಡಿಸಲೇಬೇಡಿ. ಕರೆಂಟು ತೆಗೆದು, ಡೇಟಾ ತೆಗೆದುಕೊಡುವ ಲ್ಯಾಬಿಗೆ ಕೊಡಿ.