ಪೈಲಟ್ ಆಗಲು ಡಿಗ್ರಿ ಮೊದಲಾ, ಲೈಸೆನ್ಸ್ ಮೊದಲಾ?

ಪಿಯುಸಿ ಮುಗಿದಿದೆ, ಪೈಲಟ್ ಆಗಬೇಕು. ನೇರ ಫ್ಲೈಯಿಂಗ್ ಸ್ಕೂಲ್ ಸೇರುವುದೋ, ಡಿಗ್ರಿ ಮುಗಿಸಿ ಹೋಗುವುದೋ?

ನಮ್ಮ ದೇಶದ ನಿಯಮದಲ್ಲಿ ಡಿಗ್ರಿ ಕಡ್ಡಾಯವಲ್ಲ. ಕಮರ್ಷಿಯಲ್ ಲೈಸೆನ್ಸಿಗೆ (ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಪರವಾನಗಿ) ಡಿಜಿಸಿಎ, ಅಂದರೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ, ಕೇಳುವುದು ಫಿಸಿಕ್ಸ್, ಮ್ಯಾಥ್ಸ್ ಇರುವ ಪಿಯುಸಿ, 18 ವರ್ಷ ವಯಸ್ಸು, ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ), 200 ಗಂಟೆ ಹಾರಾಟ, ಜೊತೆಗೆ ನ್ಯಾವಿಗೇಶನ್, ಹವಾಮಾನದಂಥ ಪರೀಕ್ಷೆಗಳು. ಇಂಡಿಗೋ ಏರ್‌ಲೈನ್‌ನ ಕೆಡೆಟ್ ಯೋಜನೆಗೂ (ಹೊಸಬರಿಗೆ ಪೈಲಟ್ ತರಬೇತಿ) ಪಿಯುಸಿ ಸಾಕು.

ನೇರ ಹೋದರೆ ಉಳಿಯುವುದು ಮೂರು ವರ್ಷ. ಏರ್‌ಲೈನ್‌ಗಳಲ್ಲಿ ಸೀನಿಯಾರಿಟಿಗೆ ತುಂಬಾ ಬೆಲೆ. ಬೇಗ ಸೇರಿದವರಿಗೆ ಕ್ಯಾಪ್ಟನ್ ಸೀಟೂ ಬೇಗ ಸಿಗುವ ಸಾಧ್ಯತೆ ಜಾಸ್ತಿ.

ಡಿಗ್ರಿ ಕೈ ಹಿಡಿಯುವುದು ಕೆಲಸ ಹೋದಾಗ. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಮೆಡಿಕಲ್‌ನಲ್ಲಿ ಅನ್‌ಫಿಟ್ ಆದರಂತೂ ಲೈಸೆನ್ಸ್ ಇದ್ದೂ ಹಾರುವಂತಿಲ್ಲ. ಆಗ ಬೇರೆ ಕೆಲಸ ಹುಡುಕಲು ಬರೀ ಪಿಯುಸಿ ಸಾಲದು, ಅಲ್ವಾ?

ಅಮೆರಿಕದಲ್ಲಿ ಲೆಕ್ಕ ಬೇರೆ. 2022ರಲ್ಲಿ ಅಲ್ಲಿನ ದೊಡ್ಡ ಏರ್‌ಲೈನ್ ಡೆಲ್ಟಾ ಕೂಡ ಡಿಗ್ರಿ ಕಡ್ಡಾಯ ಎನ್ನುವುದನ್ನು ಕೈಬಿಟ್ಟಿತು. ಆದರೆ ಅಲ್ಲಿ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು. ಮಾನ್ಯತೆ ಇರುವ ಕಾಲೇಜಿನ ಏವಿಯೇಶನ್ ಪದವಿ ಇದ್ದರೆ 1,000 ಗಂಟೆಗೇ ಅವಕಾಶ ಸಿಗಬಹುದು.

ಇಲ್ಲಿನವರಿಗೆ ನನ್ನ ಸಲಹೆ: ಲೈಸೆನ್ಸ್ ಮೊದಲು, ಡಿಗ್ರಿ ದೂರಶಿಕ್ಷಣದಲ್ಲಿ. ಲೈಸೆನ್ಸ್ ಪಡೆದು ಹಾರಾಟ ಬಿಟ್ಟು ಕಾಲೇಜಿಗೆ ಕೂತರೆ, ಅಭ್ಯಾಸ ಚಾಲ್ತಿಯಲ್ಲಿಡಲು ಮತ್ತೆ ದುಡ್ಡು ಕೊಟ್ಟು ಗಂಟೆ ಹಾರಬೇಕಾಗುತ್ತದೆ. ತರಬೇತಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಮೆಡಿಕಲ್ ಮಾಡಿಸಿ. ಕಾಮರ್ಸ್ ಓದಿದವರು ಫಿಸಿಕ್ಸ್, ಮ್ಯಾಥ್ಸನ್ನು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಬರೆದು ಪಾಸಾಗಬಹುದು.