28 ವರ್ಷದ ಮೇಲೆ ಮತ್ತೆ ಅಂಟು ಹಿಡಿದೆ: ಟಮಿಯಾ ವಿಲ್ಲಿಸ್ ಜೀಪ್ ಕಿಟ್

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕವರಿದ್ದಾಗ ಪ್ಲಾಸ್ಟಿಕ್ ಟ್ಯಾಂಕು, ವಿಮಾನ ಜೋಡಿಸುತ್ತಿದ್ದು, ಆಮೇಲೆ ಓದು, ಕೆಲಸ, ಮದುವೆ ಅಂತ ಬಿಟ್ಟವರು ಮತ್ತೆ ಶುರು ಮಾಡಬೇಕು ಅಂತಿದ್ದರೆ ಈ ಜೀಪಿನಿಂದ ಶುರು ಮಾಡಿ. ಟ್ಯಾಂಕಿನಿಂದ ಬೇಡ. ನಾನು ಟ್ಯಾಂಕಿನಿಂದಲೇ ಶುರು ಮಾಡಿ ಕೈ ಸುಟ್ಟುಕೊಂಡು ಇಲ್ಲಿಗೆ ಬಂದವನು.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಮಗಳು ಪಿಯುಸಿಗೆ ಅಂತ ಹಾಸ್ಟೆಲ್ ಸೇರಿದಳು, ಅವಳ ಓದುವ ಮೇಜು ಖಾಲಿಯಾಯಿತು. ಒಳ್ಳೆ ಮೇಜು, ಕಿಟಕಿ ಪಕ್ಕ, ಲ್ಯಾಂಪ್ ಬೇರೆ ಇದೆ. ಅದರ ಹಿಂದೆಯೇ ಮಡಿಕೇರಿಗೆ ಹೋಗಿ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲಿ ನಿಲ್ಲಿಸಿರುವ ಟಿ-55 ಟ್ಯಾಂಕ್ ನೋಡಿ ಬಂದೆ. ಹಳೇ ಹುಚ್ಚು ಕೆದರಿತು. ಊರಿಗೆ ಬಂದು ರಾತ್ರೋರಾತ್ರಿ ಅದೇ ಟ್ಯಾಂಕಿನ ಕಿಟ್ ಒಂದನ್ನು ಆನ್‌ಲೈನಲ್ಲಿ ತರಿಸಿದೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ತಪ್ಪು ಪೂರ್ತಿ ಅದರದ್ದೂ ಅಲ್ಲ. ಅದರ ಚೈನು ಇದೆಯಲ್ಲ, ಒಂದೊಂದು ಕೊಂಡಿಯೂ ಬಿಡಿ ಬಿಡಿ. ಒಂದು ಕಡೆಗೆ ತೊಂಬತ್ತರ ಹತ್ತಿರ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಇಪ್ಪತ್ತಮೂರನೇ ಕೊಂಡಿಗೆ ನನಗೆ ಚಾಳೀಸು ಬಂದಿದೆ ಅಂತ ಗೊತ್ತಾಯಿತು, ಮೂವತ್ತಕ್ಕೆ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದೆ. ಇನ್ನೂ ಅಲ್ಲೇ ಇದೆ.

ಒಂದು ತಿಂಗಳು ಸುಮ್ನೆ ಇದ್ದು, ಆಮೇಲೆ ತರಿಸಿದ್ದು ಈ ಜೀಪು. ಜಪಾನಿನ ಟಮಿಯಾ ಕಂಪನಿಯ 1/35 ಅಳತೆಯ, ಅಂದರೆ ನಿಜವಾದ ಗಾಡಿಯ ಮೂವತ್ತೈದರಲ್ಲಿ ಒಂದು ಪಾಲಿನ, ವಿಲ್ಲಿಸ್ ಎಂಬಿ. ಎರಡನೇ ಮಹಾಯುದ್ಧದ ಅಮೆರಿಕನ್ ಜೀಪು, 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಸೇರಿ 6 ಲಕ್ಷಕ್ಕೂ ಜಾಸ್ತಿ ತಯಾರಿಸಿದ ಗಾಡಿ. ಜೋಡಿಸಿದ ಮೇಲೆ ಉದ್ದ ಒಂಬತ್ತೂವರೆ ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ. ಚೈನಿಲ್ಲ, ನಾಲ್ಕು ಚಕ್ರ ಮತ್ತೊಂದು ಸ್ಟೆಪ್ನಿ. ಅಷ್ಟೇ.

ಈ 1/35 ಅನ್ನುವ ವಿಚಿತ್ರ ಲೆಕ್ಕ ಎಲ್ಲಿಂದ ಬಂತು ಅಂತ ನನಗೆ ಹುಡುಗನಾಗಿದ್ದಾಗಿಂದ ಕುತೂಹಲ. ಮೂವತ್ತೂ ಅಲ್ಲ, ನಲವತ್ತೂ ಅಲ್ಲ. ಕಾರಣ ತಮಾಷೆಯಾಗಿದೆ. 1960ರ ದಶಕದ ಶುರುವಿನಲ್ಲಿ ಟಮಿಯಾದವರು ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮೋಟಾರ್ ಇರುವ ಮಾದರಿ ಮಾಡಿದರು. ಒಳಗೆ ಬ್ಯಾಟರಿ ಹಿಡಿಯುವಷ್ಟು ದೊಡ್ಡದು ಮಾಡಿ, ಆಮೇಲೆ ಅಳೆದು ನೋಡಿದರೆ ಅದು ಸುಮಾರು 1/35 ಬಂತು. ಅದೇ ಇಡೀ ಜಗತ್ತಿನ ಲೆಕ್ಕವಾಗಿ ಕೂತಿತು. ಬ್ಯಾಟರಿ ಸೆಲ್ ಗಾತ್ರ ನೋಡಿ ಟ್ಯಾಂಕ್ ಮಾಡಿದ್ದು! ಕಂಪನಿ ಶುರುವಾಗಿದ್ದು 1946ರಲ್ಲಿ, ಜಪಾನಿನ ಶಿಜುವೊಕಾ ಊರಲ್ಲಿ, ಅದೂ ಮರದ ವ್ಯಾಪಾರ ಅಂತ.

ಇನ್ನು ಕಿಟ್. ಪೆಟ್ಟಿಗೆ ತೆರೆದು ಭಾಗಗಳನ್ನು ಅಂಟಿಲ್ಲದೆ ಒಂದಕ್ಕೊಂದು ಇಟ್ಟು ನೋಡಿದೆ. ಚಾಸಿಗೆ ಬಾಡಿ ಕೂತಾಗ ಟಕ್ ಅಂತ ಸದ್ದು ಬಂತು ನೋಡಿ, ಅಷ್ಟಕ್ಕೇ ದುಡ್ಡು ಬಂತು ಅನ್ನಿಸಿತು. ಎಲ್ಲೂ ಸಂದು ಇಲ್ಲ, ಪುಟ್ಟಿ ಹಚ್ಚುವ ಕೆಲಸವಿಲ್ಲ. ಇದು 1990ರ ದಶಕದ ಅಚ್ಚು, ಆದರೂ ಹಾಗಿದೆ. ಬಾನೆಟ್ ಒಳಗೆ ಎಂಜಿನ್ ಸಹ ಇದೆ. ಸೂಚನೆಯ ಹಾಳೆಯಲ್ಲಿ ಓದುವುದೇ ಕಡಿಮೆ, ಚಿತ್ರ ನೋಡಿಕೊಂಡು ಹೋದರೆ ಆಯಿತು.

ಈಗ ಅಂಟಿನ ವಿಚಾರ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಾಲದವರು ಎಲ್ಲರೂ ಮಾಡಿದ ತಪ್ಪು ಇದು. ಹುಡುಗನಾಗಿದ್ದಾಗ ಬೆಂಗಳೂರಿನಿಂದ ಮಾವ ತಂದುಕೊಟ್ಟ ಟ್ಯಾಂಕನ್ನು ಎರಡು ಹನಿ ಕ್ವಿಕ್ ಗಮ್ಮಿನಲ್ಲಿ ಅಂಟಿಸಿದ್ದೆ. ಬೆರಳೂ ಅಂಟಿತು. ಅದರ ಹೊಗೆಗೆ ಗಾಜಿನ ಭಾಗದ ಮೇಲೆ ಬಿಳಿ ಪೊರೆ ಬರುತ್ತದೆ, ಎಷ್ಟು ಒರೆಸಿದರೂ ಹೋಗಲ್ಲ. ಈಗ ಸಿಗುವ ತೆಳು ಅಂಟು ಬೇರೆ ಜಾತಿ. ಟಮಿಯಾದ್ದೇ ಹಸಿರು ಮುಚ್ಚಳದ ಬಾಟಲಿ, ಮುಚ್ಚಳದಲ್ಲೇ ಬ್ರಷ್. ಎರಡು ಭಾಗ ಜೋಡಿಸಿ ಹಿಡಿದು ಸಂದಿಗೆ ಬ್ರಷ್ ತಾಗಿಸಿದರೆ ಸಾಕು, ಬಟ್ಟೆ ನೀರು ಹೀರಿದ ಹಾಗೆ ಸಂದಿಯೊಳಗೆ ಓಡುತ್ತದೆ. ಅದು ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ವಾಸನೆ ಜೋರು, ಕಿಟಕಿ ತೆಗೆದಿಡಿ. "ರೀ, ನೇಲ್ ಪಾಲಿಶ್ ಅಂಗಡಿ ಇಟ್ಟಿದ್ದೀರಾ?" ಅಂತ ಹೆಂಡತಿ ಅಡುಗೆಮನೆಯಿಂದ ಕೇಳಿದಳು.

ತರಿಸಿದ ಆನ್‌ಲೈನ್ ಅಂಗಡಿಯವರ ಬಗ್ಗೆ ಒಂದು ಮಾತು. ಹೆಸರು ಬೇಡ. ಅಂಟಿನ ಬಾಟಲಿಯನ್ನು ಕಿಟ್ ಪೆಟ್ಟಿಗೆಯ ಮೇಲೆ ಹಾಗೇ ಟೇಪ್ ಸುತ್ತಿ ಕಳಿಸಿದ್ದರು. ಅರ್ಧ ಸೋರಿತ್ತು. ಕಿಟ್‌ಗೆ ಏನೂ ಆಗಿರಲಿಲ್ಲ, ಪುಣ್ಯ. ಫೋಟೋ ಕಳಿಸಿದ ಮೇಲೆ ಹನ್ನೊಂದು ದಿನಕ್ಕೆ ಬೇರೆ ಬಾಟಲಿ ಬಂತು. ನಮ್ಮ ಐಜಿ ರೋಡ್, ಎಂಜಿ ರೋಡ್ ಪೂರ್ತಿ ಸುತ್ತಿದೆ, ಇಂಥದ್ದು ಕೇಳಿದರೆ ಆಟದ ಸಾಮಾನಿನ ಅಂಗಡಿ ತೋರಿಸುತ್ತಾರೆ. ಹಾಗಾಗಿ ಬೇರೆ ದಾರಿ ಇಲ್ಲ. ಆದರೆ ಆರ್ಟಿಸ್ಟ್ ಎಣ್ಣೆ ಬಣ್ಣ, ಟರ್ಪೆಂಟೈನ್, ಸಣ್ಣ ಬ್ರಷ್ ಇಲ್ಲೇ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ಹೊರಗಿನಿಂದ ತರಿಸಬೇಡಿ.

ಜೋಡಿಸುವುದು ಮೂರು ಭಾನುವಾರದಲ್ಲಿ ಮುಗಿಯಿತು. ಬಣ್ಣಕ್ಕೆ ಬಂದಾಗ ಶುರುವಾಯಿತು ನೋಡಿ ನಿಜವಾದ ಮಜ.

ನಮ್ಮಪ್ಪ ಆಲ್ದೂರು ಕಡೆ ಒಂದು ತೋಟದಲ್ಲಿ ರೈಟ್ರಾಗಿದ್ದರು, ಅಂದರೆ ತೋಟದ ಲೆಕ್ಕ ಬರೆಯುವವರು. ಸಾಹುಕಾರರ ಜೀಪಿನಲ್ಲೇ ನಾವು ಜಾತ್ರೆಗೆ, ಆಸ್ಪತ್ರೆಗೆ ಹೋಗಿದ್ದು. ಹಾಗಾಗಿ ಜೀಪು ಅಂದರೆ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ ಅನ್ನುವ ಜಂಬ ಇತ್ತು. ಕಿಟ್ ಜೋಡಿಸಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ತಿರುಗಿಸಿ ನೋಡಿ, "ಇದರ ಮೂಗು ತಗ್ಗಾಯ್ತಲ್ಲೋ. ಸ್ಟೇರಿಂಗ್ ಯಾಕೆ ಎಡಗಡೆ?" ಅಂದರು. ಎರಡೂ ಸರಿ. ಅಮೆರಿಕದ ಗಾಡಿ, ಎಡಗಡೆಯೇ ಇರಬೇಕು. ಮೂಗಿನ ಕಥೆ ಏನೆಂದರೆ, ನಮ್ಮ ಕಡೆ ತೋಟಗಳಲ್ಲಿ ಓಡಾಡಿದ ಎಷ್ಟೋ ಮಹೀಂದ್ರ ಜೀಪುಗಳು ವಿಲ್ಲಿಸ್‌ನ ಸಿಜೆ-3ಬಿ ಅನ್ನುವ ಸಿವಿಲ್ ಮಾದರಿಯ ವಂಶದವು. 1953ರಲ್ಲಿ ವಿಲ್ಲಿಸ್‌ನವರು ಎತ್ತರದ ಎಂಜಿನ್ ಹಾಕಿದಾಗ ಅದು ಹಿಡಿಯಲಿ ಅಂತ ಬಾನೆಟ್ಟನ್ನೇ ಎತ್ತಿದರು. ಯುದ್ಧಕಾಲದ ಎಂಬಿಯ ಬಾನೆಟ್ ತಗ್ಗು, ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು. ಆಮೇಲಿನ ಸಿವಿಲ್ ಜೀಪುಗಳಿಗೆ ಏಳು. ಕಿಟ್‌ನಲ್ಲಿ ಒಂಬತ್ತೂ ಸರಿಯಾಗಿದೆ, ಎಣಿಸಿದೆ. ಇನ್ನೊಂದು ಗೊತ್ತಾ, ನಿಜವಾದ ಎಂಬಿಯ ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಬಹುದಿತ್ತು, ರಾತ್ರಿ ಎಂಜಿನ್ ರಿಪೇರಿ ಮಾಡಲು ಬೆಳಕು ಬೀಳಲಿ ಅಂತ. ಇದನ್ನು ಅಪ್ಪನಿಗೆ ಹೇಳಿದರೆ, "ನಮ್ಮ ಡ್ರೈವರ್ ಬಾಯಲ್ಲಿ ಬ್ಯಾಟ್ರಿ ಕಚ್ಕೊಂಡು ರಿಪೇರಿ ಮಾಡ್ತಿದ್ದ" ಅಂದರು.

ಬಣ್ಣ ಆಲಿವ್ ಡ್ರ್ಯಾಬ್, ಅಂದರೆ ಮಿಲಿಟರಿಯ ಮಾಸಲು ಹಸಿರು, ಟಮಿಯಾ ಆಕ್ರಿಲಿಕ್ ಎಕ್ಸ್‌ಎಫ್-62. ಇದನ್ನು ಬ್ರಷ್‌ನಲ್ಲಿ ದೊಡ್ಡ ಜಾಗಕ್ಕೆ ಹಚ್ಚಲು ಹೋಗಬೇಡಿ, ಎರಡನೇ ಸಲ ಎಳೆದಾಗ ಕೆಳಗಿನ ಪದರ ಎದ್ದು ಬರುತ್ತದೆ. ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬೇಕು. ನಾನು ಕೊಂಡದ್ದು ಚಾರ್ಜ್ ಮಾಡುವ ಪುಟ್ಟ ಕಂಪ್ರೆಸರ್, ಹತ್ತು ನಿಮಿಷಕ್ಕೆ ಏದುಸಿರು ಬಿಡುತ್ತದೆ. ಜೀಪಿಗೆ ಸಾಕು. ಟ್ಯಾಂಕಿಗೆ ಸಾಲದು. ಹಿಂದೆಲ್ಲ ಹಾರ್ಡ್‌ವೇರ್ ಅಂಗಡಿಯ ಎನಾಮಲ್ ಡಬ್ಬಿಯಿಂದ ಗೇಟಿಗೆ ಹೊಡೆದ ಹಾಗೆ ಬಳಿಯುತ್ತಿದ್ದೆವಲ್ಲ, ಬೋಲ್ಟು, ನಟ್ಟು ಎಲ್ಲ ಮುಚ್ಚಿಹೋಗುತ್ತಿತ್ತು. ಈಗ ಪದರ ಎಷ್ಟು ತೆಳು ಅಂದರೆ ಸಲಿಕೆಯ ಹಿಡಿ ಕಟ್ಟಿದ ಬೆಲ್ಟಿನ ಬಕಲ್ ಕೂಡ ಕಾಣುತ್ತದೆ.

ಅಕ್ಷರ, ನಕ್ಷತ್ರ ಎಲ್ಲ ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್. ಮಂಕು ಬಣ್ಣದ ಮೇಲೆ ನೇರ ಅಂಟಿಸಿದೆ. ತಪ್ಪು ನನ್ನದೇ. ಒರಟು ಮೇಲ್ಮೈಯಲ್ಲಿ ಡೆಕಾಲಿನ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಮಿರುಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಕೊನೆಗೆ ಮಂಕು ವಾರ್ನಿಷ್. ಇದು ಕ್ರಮ. ಬಾನೆಟ್ ಮೇಲಿನ ನಕ್ಷತ್ರ ಚೆನ್ನಾಗಿದೆ, ಪಕ್ಕದ್ದು ಹಾಳಾಯಿತು, ಅದರ ಮೇಲೆ ಕೆಸರು ಹಚ್ಚಿ ಮುಚ್ಚಿದ್ದೇನೆ.

ಮಂಕು ವಾರ್ನಿಷ್ ಅಂದೆನಲ್ಲ, ಮಲೆನಾಡಿನವರು ಇದನ್ನು ದಯವಿಟ್ಟು ಓದಿ. ನಾನು ಹೊಡೆದದ್ದು ಪುಷ್ಯ ಮಳೆಯಲ್ಲಿ. ಹೊರಗೆ ಮೂರು ದಿನದಿಂದ ಬಿಟ್ಟೂಬಿಡದೆ ಸುರಿಯುತ್ತಿತ್ತು, ಬೀರುವಿನಲ್ಲಿದ್ದ ಚಪ್ಪಲಿಗೆ ಬೂಷ್ಟು ಬಂದಿತ್ತು. ಐದು ನಿಮಿಷಕ್ಕೆ ಇಡೀ ಜೀಪು ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಬೆಳ್ಳಗಾಯಿತು. ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಂಡು ಹೀಗಾಗುತ್ತದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಎರಡು ವಾರ ಬಿಟ್ಟು, ಬಿಸಿಲು ಕಂಡ ದಿನ ಮಧ್ಯಾಹ್ನ, ಮೇಲೊಂದು ತೆಳು ಹೊಳಪಿನ ಪದರ ಹೊಡೆದೆ. ಬಿಳುಪು ಹೊರಟುಹೋಯಿತು! ಆಮೇಲೆ ಮತ್ತೆ ಮಂಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಜೋಡಿಸುವ ಕೆಲಸ ಮಾತ್ರ ಇಟ್ಟುಕೊಳ್ಳುವುದು ವಾಸಿ.

ಕೆಸರು ಹಚ್ಚುವುದಕ್ಕೆ ಮಾತ್ರ ನಮ್ಮೂರಿನಷ್ಟು ಒಳ್ಳೆ ಪಾಠಶಾಲೆ ಇಲ್ಲ. ಹೆಬ್ಬೆ ಫಾಲ್ಸ್‌ಗೆ ಹೋಗಿ ಬರುವ ಜೀಪುಗಳನ್ನು ನಿಂತು ನೋಡಿ. ಕೆಸರು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಚಕ್ರದ ಹಿಂದೆ ದಪ್ಪ, ಮಡ್‌ಗಾರ್ಡ್ ಅಂಚಿನಲ್ಲಿ ಚಿಮುಕಿಸಿದ ಹಾಗೆ, ಒಣಗಿದ್ದು ತೆಳು ಕೆಂಪು, ಹಸಿಯಾಗಿದ್ದು ಕಪ್ಪಗೆ. ಹತ್ತಿ ಇಳಿಯುವ ಜಾಗದಲ್ಲಿ ಬಣ್ಣವೇ ಸವೆದಿರುತ್ತದೆ. ಮೊದಲು ನಾನು ಬುದ್ಧಿವಂತ ಅಂದುಕೊಂಡು ಹಿತ್ತಿಲಿನ ಮಣ್ಣನ್ನೇ ಸೋಸಿ ಹಚ್ಚಿದೆ. ಒಂದು ಮಿಲಿಮೀಟರ್ ಕಾಳು 1/35ರಲ್ಲಿ ಮೂರೂವರೆ ಸೆಂಟಿಮೀಟರ್ ಕಲ್ಲು ಆಗುತ್ತದೆ, ಜಲ್ಲಿ ಲಾರಿ ಮಗುಚಿ ಬಿದ್ದ ಹಾಗೆ ಕಂಡಿತು. ತೊಳೆದು, ಪೇಸ್ಟಲ್ ಚಾಕನ್ನು ಸ್ಯಾಂಡ್‌ಪೇಪರ್‌ಗೆ ಉಜ್ಜಿ ಪುಡಿ ಮಾಡಿ ಹಚ್ಚಿದೆ. ಸಂದಿಗಳಿಗೆ ಕಂದು ಎಣ್ಣೆ ಬಣ್ಣವನ್ನು ಟರ್ಪೆಂಟೈನಿನಲ್ಲಿ ಕಾಫಿ ಡಿಕಾಕ್ಷನ್ನಿಗಿಂತ ತೆಳುವಾಗಿ ಕಲಸಿ ಬಿಟ್ಟೆ. ವಾರ್ನಿಷ್ ಪದರ ಇದ್ದರೆ ಆಕ್ರಿಲಿಕ್‌ಗೆ ಏನೂ ಆಗುವುದಿಲ್ಲ.

ಕೊರತೆ ಹೇಳಬೇಕೆಂದರೆ, 1965ರ ಅಸಲ್ ಉತ್ತರ್ ಕಾಳಗದಲ್ಲಿ ನಮ್ಮ ಸೇನೆಯ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದ 106 ಎಂಎಂ ಗನ್ನಿನ ಜೀಪ್ ಮಾಡಬೇಕು ಅಂತ ಆಸೆಪಡುವವರಿಗೆ ಈ ಪೆಟ್ಟಿಗೆ ಸಾಲದು. ಗನ್ ಇದರಲ್ಲಿಲ್ಲ, ಕಾಲವೂ ಬೇರೆ.

ಕಿಟ್, ಅಂಟು, ಕಟರ್, ಎರಡು ಬಣ್ಣ ಸೇರಿ ನನಗೆ ನಾಲ್ಕು ಸಾವಿರದ ಹತ್ತಿರ ಬಿತ್ತು, ಏರ್‌ಬ್ರಷ್ ಬಿಟ್ಟು. ಹೆಂಡತಿಗೆ ಹೇಳಿದ್ದು ಒಂದೂವರೆ ಸಾವಿರ. ಕಿಟ್‌ಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಆ ಅರ್ಧ ಕಳೆದದ್ದು ಡ್ರೈವರ್‌ಗಾಗಿ. ಪೆಟ್ಟಿಗೆಯಲ್ಲಿ ಒಬ್ಬ ಸೈನಿಕ ಇದ್ದಾನೆ, ಸ್ಟೇರಿಂಗ್ ಹಿಡಿದು ಕೂರುವವನು, ತಲೆ ಕೊತ್ತಂಬರಿ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಅವನಿಗೆ ಕಣ್ಣು ಬರೆಯಲು ನಾಲ್ಕು ಸಲ ಪ್ರಯತ್ನಿಸಿದೆ. ಒಂದು ಸಲ ಮೆಳ್ಳಗಣ್ಣು, ಒಂದು ಸಲ ದೆವ್ವ ಕಂಡವನ ಹಾಗೆ. ಈಗ ಬೆಂಕಿಪೊಟ್ಟಣದಲ್ಲಿ ಮಲಗಿದ್ದಾನೆ. ದಸರಾ ರಜೆಗೆ ಬಂದಾಗ ಬರೆದುಕೊಡುತ್ತೇನೆ ಅಂತ ಮಗಳು ಫೋನಿನಲ್ಲಿ ಹೇಳಿದ್ದಾಳೆ, ಅಲ್ಲಿಯವರೆಗೆ ಜೀಪು ಡ್ರೈವರ್ ಇಲ್ಲದೆ ಟಿವಿ ಪಕ್ಕ ನಿಂತಿರುತ್ತದೆ.