ರುಚಿ ತೋರಿಸಿ ಪೀಪಾಯಿ ಮಾರುವವರಿದ್ದಾರೆ, ಎಚ್ಚರ

ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಪ್ರವಾಸ ಹೋಗುವ ನಮ್ಮವರಿಗೆ ಇದನ್ನು ಹೇಳಲೇಬೇಕು. ಸಿಂಗಲ್ ಮಾಲ್ಟ್ ವಿಸ್ಕಿಯ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ತಯಾರಾದದ್ದು) ರುಚಿ ತೋರಿಸುವ ಕೂಟಗಳು ಅಲ್ಲಿ ಬೇಕಾದಷ್ಟು ನಡೆಯುತ್ತವೆ, ಹೋಗಿ ಬನ್ನಿ. ಆದರೆ ಕೂಟ ಮುಗಿಯುವ ಹೊತ್ತಿಗೆ ಯಾರಾದರೂ ಇಡೀ ಪೀಪಾಯಿಯನ್ನೇ ಕೊಳ್ಳಿ ಎಂದು ಅರ್ಜಿ ಮುಂದಿಟ್ಟರೆ ಅಲ್ಲಿ ಸಹಿ ಹಾಕಬೇಡಿ. ನನ್ನ ಭಾವ ಹಾಗೆ ಕಟ್ಟಿದ ಮುಂಗಡ ಇಂದಿಗೂ ವಾಪಸು ಬಂದಿಲ್ಲ.

ಅಂದು ಕೊಟ್ಟ ವಿಸ್ಕಿ ನಿಜಕ್ಕೂ ಸೊಗಸಾಗಿತ್ತು. ಹಿಂದೆ ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಓಕ್ ಪೀಪಾಯಿಯಲ್ಲಿ ಮಾಗಿದ್ದಂತೆ. ಬಾಯಿ ಕಿರಿದಾದ ಲೋಟವನ್ನು ಮೂಗಿನ ಹತ್ತಿರ ತಂದರೆ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ. ಕೆಲವು ಹನಿ ನೀರು ಬಿಟ್ಟ ಮೇಲೆ ಘಾಟು ತಗ್ಗಿ ಲವಂಗದ ಪರಿಮಳ ಮೇಲೆದ್ದಿತು. ‘ನೀವೀಗ ಕುಡಿದದ್ದು ಇದರದ್ದೇ’ ಎಂದು ಮಾರಾಟಗಾರ ಪೀಪಾಯಿಯ ಫೋಟೊ ತೋರಿಸಿದ. ಲೋಟದಲ್ಲಿರುವುದು ಯಾವ ಪೀಪಾಯಿಯದೆಂದು ಎಂಥ ಪಳಗಿದ ನಾಲಿಗೆಯೂ ಹೇಳಲಾರದು. ಭಾವ ನಂಬಿದರು.

ಮನೆಗೆ ಬಂದದ್ದು ಚಿನ್ನದ ಬಣ್ಣದ ಅಂಚಿನ ಒಡೆತನದ ಪ್ರಮಾಣಪತ್ರ. ಪೀಪಾಯಿಯ ಸಂಖ್ಯೆ, ಗೋದಾಮಿನ ಹೆಸರು, ದೊಡ್ಡ ಮುದ್ರೆ, ಎಲ್ಲವೂ ಇದ್ದವು. ಗೋದಾಮಿಗೆ ಬರೆದು ಕೇಳಿದರೆ, ಭಾವನ ಹೆಸರಿನಲ್ಲಿ ತಮ್ಮಲ್ಲಿ ಏನೂ ಇಲ್ಲವೆಂಬ ಉತ್ತರ ಬಂತು. ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಮಾಗುವುದು ಸುಂಕ ಇಲಾಖೆಯ ಹತೋಟಿಯಲ್ಲಿರುವ ಗೋದಾಮುಗಳಲ್ಲಿ. ಪೀಪಾಯಿ ಕೈ ಬದಲಾಗಬೇಕಾದರೆ ಮಾರುವವನು ‘ಡೆಲಿವರಿ ಆರ್ಡರ್’ ಎಂಬ ಪತ್ರವನ್ನು ಗೋದಾಮಿಗೆ ಕೊಡಬೇಕು. ಗೋದಾಮಿನವರು ತಮ್ಮ ಲೆಕ್ಕದಲ್ಲಿ ಹೊಸ ಹೆಸರನ್ನು ದಾಖಲಿಸಿ ಖಚಿತಪಡಿಸಬೇಕು. ಅದಿಲ್ಲದ ಪ್ರಮಾಣಪತ್ರ ಗೋಡೆಗೆ ತೂಗುಹಾಕಲಷ್ಟೇ ಸರಿ. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಪ್ರಕರಣಗಳನ್ನು 2025ರಲ್ಲಿ ಬಿಬಿಸಿ ಬಯಲಿಗೆಳೆದಿದೆ.

ವರ್ಷ ಕಳೆದಂತೆ ಬೆಲೆ ಏರುತ್ತಲೇ ಹೋಗುತ್ತದೆ ಎಂಬ ಮಾತಿಗೂ ಮರುಳಾಗಬೇಡಿ. ಪೀಪಾಯಿಯ ಮರದ ಮೂಲಕ ವರ್ಷಕ್ಕೆ ಸುಮಾರು ಶೇ 2ರಷ್ಟು ವಿಸ್ಕಿ ಆವಿಯಾಗಿ ಹೋಗುತ್ತದೆ, ಮದ್ಯಸಾರದ ಪ್ರಮಾಣವೂ ಇಳಿಯುತ್ತಾ ಬರುತ್ತದೆ. ಅದು ಶೇ 40ಕ್ಕಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ಅದನ್ನು ಸ್ಕಾಚ್ ವಿಸ್ಕಿ ಎಂದು ಮಾರುವಂತಿಲ್ಲ. ಗೋದಾಮಿನ ಬಾಡಿಗೆ, ವಿಮೆ, ಬಾಟಲಿಗೆ ತುಂಬಿಸುವ ಖರ್ಚು ಬೇರೆ. ಇವುಗಳಲ್ಲಿ ಒಂದನ್ನೂ ಆ ಮಾರಾಟಗಾರ ಬಾಯಿ ಬಿಡಲಿಲ್ಲ. ಇದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಕೊಳ್ಳಲೇಬೇಕೆಂಬ ಆಸೆಯಿದ್ದರೆ, ಈಗ ಪೀಪಾಯಿಯಲ್ಲಿ ಎಷ್ಟು ಲೀಟರ್ ಉಳಿದಿದೆ, ಮದ್ಯಸಾರ ಶೇಕಡಾ ಎಷ್ಟಿದೆ ಎಂಬ ಇತ್ತೀಚಿನ ಅಳತೆಯನ್ನು ಬರಹದಲ್ಲಿ ಕೇಳಿ. ಗೋದಾಮಿನ ವಿಳಾಸವನ್ನು ಮಾರಾಟಗಾರನಿಂದ ಪಡೆಯದೆ ನೀವೇ ಹುಡುಕಿ, ಹಣ ಕಟ್ಟುವ ಮೊದಲೇ ಅವರಿಗೆ ಬರೆಯಿರಿ. ಕಟ್ಟಿಬಿಟ್ಟಿದ್ದರೆ ಇಂದೇ ನಿಮ್ಮ ಬ್ಯಾಂಕಿಗೆ ತಿಳಿಸಿ.